₹212.50ರ ಷೇರು

ದಾವಣಗೆರೆ, ಶನಿವಾರ, 9 ಡಿಸೆಂಬರ್ 2023

ಮಧ್ಯಾಹ್ನ ಆಡಿಟ್ ಆಫೀಸಿನ ಹುಡುಗ್ರನ್ನೆಲ್ಲ ಮನೆಗೆ ಕಳಿಸಿ ನಾನೂ ಊಟಕ್ಕೆ ಎದ್ದೆ, ಅಷ್ಟ್ರಲ್ಲಿ ಜಿನ್ನಿಂಗ್ ಫ್ಯಾಕ್ಟ್ರಿಯವ್ರು ಬಂದ್ರು, ಅಕ್ಕ ತಮ್ಮ ಇಬ್ರೂ. ಫ್ಯಾಕ್ಟ್ರಿ ಅನ್ನೋದು ಈಗ ಹೆಸ್ರಿಗಷ್ಟೇ, ಅರಳೆ ನೋಡಿ ಎಷ್ಟು ವರ್ಷ ಆಯ್ತೋ, ಮಷಿನ್ ಗುಜರಿಗೆ ಹೋಯ್ತು, ಶೆಡ್ಡಿನ ಶೀಟೂ ಹೋಯ್ತು, ಉಳಿದಿರೋದು ಒಂದು ಎಕರೆ ಜಾಗ ಮತ್ತೆ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ, ನೂರು ರೂಪಾಯಿ ಮುಖಬೆಲೆಯ 4,000 ಷೇರು. ಅದ್ರಲ್ಲಿ 300 ಅಕ್ಕನ ಹೆಸ್ರಲ್ಲಿದೆ, ಅಪ್ಪ ಉಯಿಲಲ್ಲಿ ಬರೆದಿದ್ದು. ತಮ್ಮನಿಗೆ ಅದು ಬೇಕು. "ಷೇರಿಗೆ ಸಾವಿರದಂಗೆ ಮೂರು ಲಕ್ಷ ಕೊಡ್ತೀನಿ ಆಡಿಟ್ರೇ, ನೂರ್ರುಪಾಯಿ ಷೇರಿಗೆ ಸಾವಿರ, ಯಾರು ಕೊಡ್ತಾರೆ ಹೇಳಿ, ಪೇಪರ್ ರೆಡಿ ಮಾಡ್ಬಿಡಿ" ಅಂದ.

ಯಾರೂ ಕೊಡಲ್ಲ, ಅದು ನಿಜಾನೇ. ಪ್ರೈವೇಟ್ ಕಂಪನಿ ಷೇರನ್ನ ಹೊರಗಿನವ್ರಿಗೆ ಮಾರಕ್ಕೆ ಬೋರ್ಡು ಒಪ್ಪಬೇಕು, ಬೋರ್ಡಲ್ಲಿ ಇರೋದು ತಮ್ಮ ಮತ್ತೆ ತಮ್ಮನ ಹೆಂಡ್ತಿ. ಆದ್ರೂ ಲೆಕ್ಕ ಮಾಡ್ದೆ ಪೇಪರ್ ಮಾಡಕ್ಕಾಗಲ್ಲ ಅಂದೆ, ಹಳೇ ಕಂಪನಿಯಲ್ವಾ, ಅಟ್ಟದ ಮೇಲಿಂದ ಹಳೇ ಫೈಲೂ ಇಳಿಸ್ದೆ. ಧೂಳು, ಟ್ಯಾಗ್ ದಾರ ಮುಟ್ಟಿದ್ರೆ ಪುಡಿ, ಗುಂಡುಪಿನ್ನು ತುಕ್ಕು ಹಿಡಿದು ಕಾಗದದ ಮೇಲೆ ಕಂದು ಗುರುತು ಬಿಟ್ಟಿತ್ತು. ಒಳಗೆ 31-3-1987ರ ವೆಲ್ತ್ ಟ್ಯಾಕ್ಸ್ ವರ್ಕಿಂಗ್ ಶೀಟು, ನನ್ನದೇ ಅಕ್ಷರ! ಆಗ ನಾನು ಆರ್ಟಿಕಲ್ ಕ್ಲರ್ಕು, ಅಂದ್ರೆ ಸೀನಿಯರ್ ಆಡಿಟರ್ ಹತ್ರ ಕೆಲಸ ಕಲೀತಿದ್ದ ಹುಡುಗ, ಈ ಅಕ್ಕನ ಅಪ್ಪ ಯಜಮಾನ್ರು ಆಗಿದ್ರು, 1,800 ಷೇರು ಅವ್ರ ಹತ್ರ ಇತ್ತು.

ಈಗಿನ ಹುಡುಗ್ರಿಗೆ ವೆಲ್ತ್ ಟ್ಯಾಕ್ಸ್ ಅಂದ್ರೇ ಗೊತ್ತಿಲ್ಲ, ಅದು ಆದಾಯಕ್ಕಲ್ಲ, ಇರೋ ಆಸ್ತಿಗೇ ವರ್ಷಾವರ್ಷ ಕಟ್ತಿದ್ದ ತೆರಿಗೆ. ಕ್ಯಾಲ್ಡರ್ ಅನ್ನೋ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞರು 1956ರಲ್ಲಿ ವರದಿ ಕೊಟ್ರು, ಮರುವರ್ಷಾನೇ ಕಾಯ್ದೆ ಬಂತು. ಆಸ್ತಿಗೆ ಬೆಲೆ ಹಾಕೋದು ಹೇಗೆ ಅಂದ್ರೆ ಸೆಕ್ಷನ್ 7ರಲ್ಲಿ ಒಂದೇ ಮಾತು, ಆ ದಿನ ಬಹಿರಂಗ ಮಾರುಕಟ್ಟೆಗೆ ಇಟ್ರೆ ಎಷ್ಟು ಸಿಗುತ್ತೋ ಅಷ್ಟು. ಸ್ಟಾಕ್ ಎಕ್ಸ್‌ಚೇಂಜಲ್ಲಿ ಇರೋ ಷೇರಿಗೆ ಪೇಪರ್ ನೋಡಿದ್ರೆ ಆಯ್ತು, ಇಂಥ ಷೇರಿಗೆ? ಸಂತೆನೇ ಇಲ್ಲ, ಗಿರಾಕಿನೂ ಇಲ್ಲ, ಆದ್ರೆ ಇದ್ದಾನೆ ಅಂತ ಅಂದ್ಕೊಂಡು ರೇಟು ಬರೀಬೇಕು. 1972ರಲ್ಲಿ ಮಹಾದೇವ ಜಾಲಾನ್ ಕೇಸಲ್ಲಿ ಸುಪ್ರೀಂ ಕೋರ್ಟು, ನಡೀತಿರೋ ಕಂಪನಿಯಾದ್ರೆ ಲಾಭ, ಡಿವಿಡೆಂಡ್ ನೋಡಿ ಬೆಲೆ ಕಟ್ಟಿ, ಆಸ್ತಿ ಲೆಕ್ಕ ಹಾಕಿ ಭಾಗಿಸೋದು ಬಾಗಿಲು ಹಾಕೋ ಹಂತದಲ್ಲಿರೋ ಕಂಪನಿಗೆ ಅಂತು. ಆದ್ರೆ 1967ರಿಂದಾನೇ ರೂಲ್ 1ಡಿ ಅಂತ ಒಂದು ಇತ್ತು, ಬ್ಯಾಲೆನ್ಸ್ ಶೀಟಿನ ಆಸ್ತಿಯಲ್ಲಿ ಸಾಲ ಕಳಿ, ಷೇರಿಗೆ ಹಂಚು, ಅದ್ರ 85 ಪರ್ಸೆಂಟ್ ಹಿಡಿ. ಯಾವ್ದು ಸರಿ ಅಂತ ಊರೂರಿನ ಟ್ರಿಬ್ಯುನಲಲ್ಲಿ ಜಗಳ. ಕೊನೆಗೆ ರೂಲ್ 1ಡಿನೇ ಕಡ್ಡಾಯ ಅಂತ ಭರತ್ ಹರಿ ಸಿಂಘಾನಿಯಾ ಕೇಸಲ್ಲಿ ತೀರ್ಪು ಬಂದಿದ್ದು 1994ರಲ್ಲಿ, ಅಷ್ಟೊತ್ತಿಗೆ 1989ರಲ್ಲೇ ಆ ರೂಲ್ ಹೋಗಿ ಮೂರನೇ ಶೆಡ್ಯೂಲ್ ಬಂದು 85 ಇದ್ದಿದ್ದು 80 ಆಗಿತ್ತು, 1993ರಿಂದ ಷೇರಿಗೆ ವೆಲ್ತ್ ಟ್ಯಾಕ್ಸೇ ಇರ್ಲಿಲ್ಲ. ನಮ್ಮ ಸೀನಿಯರ್ ಆ ತೀರ್ಪು ಓದಿ ಎಷ್ಟು ನಕ್ಕಿದ್ರು ಅಂದ್ರೆ ಕನ್ನಡಕ ತೆಗೆದು ಕಣ್ಣು ಒರೆಸ್ಕೊಂಡ್ರು.

ಆ ಶೀಟಲ್ಲಿ ನಾನು ಮೊದ್ಲು ಬರೆದಿದ್ದು ಷೇರಿಗೆ 260 ರೂಪಾಯಿ. ಅದ್ರ ಮೇಲೆ ಸೀನಿಯರ್ ಕೆಂಪು ಪೆನ್ಸಿಲಲ್ಲಿ ಗೀಟು ಎಳೆದಿದ್ದಾರೆ. ಕಟ್ಟಿದ ಅಡ್ವಾನ್ಸ್ ಟ್ಯಾಕ್ಸ್ 40,000 ಬ್ಯಾಲೆನ್ಸ್ ಶೀಟಲ್ಲಿ ಆಸ್ತಿ ಕಡೆ ಕೂತಿತ್ತು, ನಾನು ಅದನ್ನೂ ಆಸ್ತಿ ಅಂತ ಸೇರ್ಸಿದ್ದೆ, ರೂಲ್ ಪ್ರಕಾರ ಅದನ್ನ ತೆಗೀಬೇಕು. "ಸರ್ಕಾರಕ್ಕೆ ಕೊಟ್ಟಿದ್ದು ವಾಪಸ್ ಬರುತ್ತೇನಯ್ಯಾ, ಅದೂ ಆಸ್ತಿನಾ?" ಅಂತ ಎಲ್ರ ಮುಂದೆ ಬೈದಿದ್ದು ಇನ್ನೂ ಕಿವಿಯಲ್ಲಿದೆ. ತೆಗೆದ ಮೇಲೆ ನಿವ್ವಳ ಹತ್ತು ಲಕ್ಷ, ಷೇರಿಗೆ 250, ಅದ್ರ 85 ಪರ್ಸೆಂಟ್ 212.50. ಯಜಮಾನ್ರ 1,800 ಷೇರು ರಿಟರ್ನಲ್ಲಿ 3,82,500 ರೂಪಾಯಿ.

ಇವತ್ತು ನನ್ನ ಕಣ್ಣಿಗೆ ಬಿದ್ದಿದ್ದು ಬೇರೆ ಒಂದು ಸಾಲು. ಜಮೀನು, 18,400 ರೂಪಾಯಿ. 1951ರಲ್ಲಿ ತಗೊಂಡ ರೇಟು, ಅದೇ ರೇಟಲ್ಲಿ ವರ್ಷಾವರ್ಷ ಕೂತಿದೆ. ಲೆಕ್ಕದ ಪುಸ್ತಕದಲ್ಲಿರೋ ಬೆಲೆನ ರೂಲ್ 1ಡಿ ಮುಟ್ತಾ ಇರ್ಲಿಲ್ಲ. ಯಂತ್ರದ ರೇಟು, ದಾಸ್ತಾನು, ಬಾಕಿ ಬರೋದು ಅಂತ ವಾರಗಟ್ಲೆ ಗುದ್ದಾಡಿದ್ವಿ, ನಿಜವಾದ ಆಸ್ತಿ ಮೂಲೆಯಲ್ಲಿ ಸುಮ್ನೆ ಮಲಗಿತ್ತು.

ಈಗಿನ, ಅಂದ್ರೆ 2023ರ, ಲೆಕ್ಕ ರೂಲ್ 11ಯುಎ. ಇದು ಇನ್‌ಕಮ್ ಟ್ಯಾಕ್ಸ್ ರೂಲು. ವೆಲ್ತ್ ಟ್ಯಾಕ್ಸನ್ನ ಹಣಕಾಸು ಮಂತ್ರಿ ಜೇಟ್ಲಿ 2015ರ ಬಜೆಟ್ಟಲ್ಲಿ ಪೂರ್ತಿ ತೆಗೆದ್ರು, ಇಡೀ ದೇಶದಿಂದ ಬರ್ತಿದ್ದಿದ್ದು 1,008 ಕೋಟಿ ಅಂತ ಹೇಳಿ, ಅದ್ರ ಬದ್ಲು ಕೋಟಿ ಮೇಲೆ ಆದಾಯ ಇರೋರಿಗೆ ಹೆಚ್ಚುವರಿ 2 ಪರ್ಸೆಂಟ್ ಸರ್‌ಚಾರ್ಜ್ ಹಾಕಿದ್ರು. ಆದ್ರೆ ಬೆಲೆ ಹಾಕೋ ಚಾಳಿ ಹೋಗ್ಲಿಲ್ಲ, ಮನೆ ಬದಲಾಯಿಸ್ತು ಅಷ್ಟೇ. ಫಾರ್ಮುಲಾ ಹೆಚ್ಚುಕಮ್ಮಿ ಅದೇ, ಕಟ್ಟಿದ ಟ್ಯಾಕ್ಸ್ ಆಸ್ತಿಯಿಂದ ತೆಗಿ ಅನ್ನೋದೂ ಅದೇ, ಎರಡು ಫರಕು. ಜಾಗಕ್ಕೆ ಪುಸ್ತಕದ ಬೆಲೆ ನಡೆಯಲ್ಲ, ಸಬ್‌ರಿಜಿಸ್ಟ್ರಾರ್ ಆಫೀಸಿನ ಗೈಡೆನ್ಸ್ ವ್ಯಾಲ್ಯೂ ಹಾಕ್ಬೇಕು. ಆ 15 ಪರ್ಸೆಂಟ್ ರಿಯಾಯ್ತಿನೂ ಇಲ್ಲ. ಮಾರಕ್ಕಾಗದ ಷೇರು ಪಾಪ ಅಂತ ಆಗ ಕಾಯ್ದೆಗೇ ಅನ್ನಿಸ್ತಿತ್ತು, ಈಗ ಅನ್ನಿಸಲ್ಲ.

ಅವ್ರ ಎದ್ರಿಗೇ ಒಂದು ಹಾಳೆಯಲ್ಲಿ ಲೆಕ್ಕ ಹಾಕ್ದೆ. ಒಂದು ಎಕರೆ 43,560 ಚದರಡಿ, ಅಲ್ಲಿನ ರೇಟು 1,200, ಒಟ್ಟು 5,22,72,000. ಉಳಿದಿದ್ದೆಲ್ಲ ಸಾಲ ಕಳೆದು 22 ಲಕ್ಷ. ನಾಲ್ಕು ಸಾವಿರ ಷೇರಿಗೆ ಭಾಗಿಸಿದ್ರೆ ಒಂದಕ್ಕೆ 13,618.

ಕ್ಯಾಲ್ಕುಲೇಟರ್ ತಿರುಗಿಸಿ ತೋರ್ಸಿದೆ. ತಮ್ಮ ನೋಡಿ ಸುಮ್ನಾದ. ಅಕ್ಕ ಕನ್ನಡಕ ಹಾಕ್ಕೊಂಡು, "ಇದು ಒಂದು ಷೇರಿಗಾ?" ಅಂದ್ರು.

ಹೌದು ಅಂದೆ. ಮೂರು ಲಕ್ಷಕ್ಕೆ ಮಾರಿದ್ರೆ ಸೆಕ್ಷನ್ 50ಸಿಎ ಪ್ರಕಾರ ನಿಮಗೆ 40,85,400 ಬಂತು ಅಂತಾನೇ ಲೆಕ್ಕ ಅಮ್ಮಾ, ಇಂಡೆಕ್ಸೇಷನ್, ಅಂದ್ರೆ ಹಣದುಬ್ಬರಕ್ಕೆ ತಕ್ಕಂತೆ ಏರಿಸಿದ ಮೂಲ ಬೆಲೆ, ಕಳೆದು ಮಿಕ್ಕಿದ್ದಕ್ಕೆ 2023ರ ರೇಟಲ್ಲಿ 20 ಪರ್ಸೆಂಟ್ ನೀವು ಕಟ್ಬೇಕು, ಕೈಗೆ ಬಂದ ಮೂರು ಲಕ್ಷ ಅದಕ್ಕೇ ಸಾಲ್ದೆ ಹೋಗ್ಬಹುದು. ತಮ್ಮನಿಗೆ ಏನೂ ಇಲ್ಲ, ಒಡಹುಟ್ಟಿದವ್ರಿಂದ ಕಮ್ಮಿಗೆ ತಗೊಂಡ್ರೆ ವಿನಾಯ್ತಿ ಇದೆ. (ಈ ಸಂಬಂಧಿಕರ ಪಟ್ಟಿ ಒಂದು ತಮಾಷೆ. ಸೋದರಮಾವ ಸೋದರಳಿಯನಿಗೆ ಕೊಟ್ರೆ ಟ್ಯಾಕ್ಸಿಲ್ಲ, ಅದೇ ಸೋದರಳಿಯ ಸೋದರಮಾವನಿಗೆ ಕೊಟ್ರೆ ಇದೆ.)

"ಹಂಗಾದ್ರೆ ಗಿಫ್ಟ್ ಅಂತ ಬರೆದ್ರೆ?" ತಮ್ಮ ಕೇಳ್ದ, ಎಲ್ಲೋ ಕೇಳ್ಕೊಂಡೇ ಬಂದಿದ್ದ ಅನ್ಸುತ್ತೆ. ಗಿಫ್ಟ್ ಆದ್ರೆ ಇಬ್ರಿಗೂ ಟ್ಯಾಕ್ಸಿಲ್ಲ, ಅದೂ ನಿಜ, ಹೇಳ್ಲೇಬೇಕಲ್ಲ, ಹೇಳ್ದೆ. ಹೇಳೋವಾಗ ಅಕ್ಕನ ಮುಖ ನೋಡಕ್ಕಾಗ್ಲಿಲ್ಲ.

ಅವ್ರು ಮಾತ್ರ ಆ ಹಳೇ ಶೀಟನ್ನೇ ನೋಡ್ತಿದ್ರು. "ಆವಾಗ ಅಪ್ಪಾಜಿ ಟ್ಯಾಕ್ಸ್ ಕಟ್ಟಿದ್ರಾ ಇದಕ್ಕೆ?" ಕಟ್ಟಿದ್ರಮ್ಮ ಅಂದೆ. "ನಂಗೆ ಒಂದು ರೂಪಾಯಿ ಡಿವಿಡೆಂಡ್ ಬಂದಿಲ್ಲ ನೋಡಿ ಇದ್ರಿಂದ, ಬೀರುನಲ್ಲಿ ಸೀರೆ ಕೆಳಗೆ ಇಟ್ಟಿದ್ದೆ." ತಮ್ಮ ಗಾಡಿ ಕೀ ಕೈಗೆ ತಗೊಂಡು "ನಡಿ ಅಕ್ಕಾ, ಆಡಿಟ್ರು ಊಟ ಮಾಡಿಲ್ಲ" ಅಂದ. ಅಕ್ಕ ಏಳ್ಲಿಲ್ಲ. ಹಳೇ ಶೀಟು, ಇವತ್ತಿನ ಲೆಕ್ಕ, ಎರಡ್ರದ್ದೂ ಜೆರಾಕ್ಸ್ ಕೊಡ್ತೀರಾ ಅಂದ್ರು. ಹುಡುಗ್ರು ಇರ್ಲಿಲ್ಲ, ನಾನೇ ಮಷಿನ್ ಆನ್ ಮಾಡಿ ತೆಗೆದುಕೊಟ್ಟೆ, ಹಳೇದು ಸ್ವಲ್ಪ ಮಸುಕಾಗಿ ಬಂತು, ಕೆಂಪು ಗೀಟು ಕಪ್ಪಾಗಿತ್ತು. ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕ್ಕೊಂಡು, ಸೋಮವಾರ ಒಬ್ಳೇ ಬರ್ತೀನಿ ಅಂದ್ರು.