ಮೇನ್ ಡೋರ್‌ಗೆ ಗಾಜಿನ ಬಾಗಿಲು ಹಾಕಿಸೋರಿಗೆ, ಮಡಿಕೇರಿಯಿಂದ

ಅಲ್ಯೂಮಿನಿಯಂ ಫ್ಯಾಬ್ರಿಕೇಶನ್ ಕೆಲಸ ನಂದು, ಮಡಿಕೇರಿಲಿ. ಮನೆ ಕಟ್ಟಿಸೋರು ಮೊಬೈಲಲ್ಲಿ ಫೋಟೋ ತೋರಿಸ್ಕೊಂಡು ಬರ್ತಾರೆ, ಕಪ್ಪು ಫ್ರೇಮು, ಉದ್ದ ಹ್ಯಾಂಡಲ್ಲು, ಕೆಳಗಿಂದ ಮೇಲ್ತನಕ ಗಾಜು, "ಅಣ್ಣ ಇದೇ ಬೇಕು" ಅಂತ. ನಾನು ಮೊದ್ಲು ಕೇಳೋದು ಬಾಗಿಲು ಯಾವ ಕಡೆ ಮುಖ, ಮುಂದೆ ಸಿಟೌಟ್ ಎಷ್ಟು ಅಡಿ ಇದೆ ಅಂತ. ಕಲರ್ ಎಲ್ಲ ಆಮೇಲೆ. ಇಲ್ಲಿ ಜೂನಿಂದ ಸೆಪ್ಟೆಂಬರ್ ತನಕ, ಅದ್ರಲ್ಲೂ ಕಕ್ಕಡದಲ್ಲಿ (ಕೊಡವರ ಮಳೆಗಾಲದ ತಿಂಗಳು, ಜುಲೈ-ಆಗಸ್ಟ್), ಮಳೆ ಗಾಳಿ ಜೊತೆ ಅಡ್ಡಡ್ಡ ಹೊಡೆಯುತ್ತೆ, ಪಶ್ಚಿಮಕ್ಕೆ ಮುಖ ಇದ್ರೆ ಗಾಜಿಗೆ ಬಡಿದ ನೀರೆಲ್ಲ ಜಾರಿ ಫ್ರೇಮಿನ ಕೆಳಗಿನ ಪಟ್ಟಿಗೇ ಬರುತ್ತೆ. ಮಳೆ ಕಮ್ಮಿ ಇರೋ ಕುಶಾಲನಗರದಲ್ಲಿ ನಡೆಯೋ ಬಾಗಿಲು ಮಳೆ ಜೋರಿರೋ ಭಾಗಮಂಡಲದಲ್ಲಿ ನಡೆಯಲ್ಲ.

ಈಗ ಎಲ್ರಿಗೂ ಹೊಸ್ತಿಲು ಬೇಡ, ಫ್ಲಾಟ್ ಬೇಕು. ಫ್ಲೋರ್ ಸ್ಪ್ರಿಂಗ್ (ಬಾಗಿಲು ತಾನೇ ಮುಚ್ಚೋಕೆ ನೆಲದೊಳಗೆ ಕೂರಿಸೋ ಸ್ಪ್ರಿಂಗು) ಹಾಕಿದ ಬಾಗಿಲು ಅಂಗಡಿಗೆ ಸರಿ, ಅದು ಎರಡೂ ಕಡೆ ತಿರುಗಬೇಕಲ್ಲ, ಕೆಳಗೆ ಗ್ಯಾಪ್ ಬಿಡ್ಲೇಬೇಕು, ರಬ್ಬರ್ ಒತ್ತಿ ಕೂರೋಕೆ ಜಾಗನೇ ಇಲ್ಲ. ಮನೆಗೆ ನಾಲ್ಕೂ ಸುತ್ತು ಫ್ರೇಮು, ಗ್ಯಾಸ್ಕೆಟ್ ಅಂದ್ರೆ ಸಂದಿ ಮುಚ್ಚೋ ರಬ್ಬರ್ ಪಟ್ಟಿ, ಒಂದೇ ಕಡೆ ತೆಗೆಯೋ ಬಾಗಿಲು. ಹೊರಗಿನ ಟೈಲ್ಸು ಒಳಗಿಂದಕ್ಕಿಂತ ತಗ್ಗಿರ್ಲಿ, ಇಳಿಜಾರು ಅಂಗಳದ ಕಡೆಗೆ.

ಕೆಳಗಿನ ಪಟ್ಟಿಲಿ ಹೊರಮುಖಕ್ಕೆ ಸಣ್ಣ ತೂತು ಬಿಟ್ಟಿರ್ತೀವಿ, ಒಳಗೆ ಸೇರಿದ ನೀರು ಆಚೆ ಹೋಗ್ಲಿ ಅಂತ. ಒಂದ್ಸಲ ಚೇರಂಬಾಣೆ ಕಡೆಯಿಂದ ಫೋನು, ಹಾಲ್ ತುಂಬ ನೀರು ಅಂತ. ಹೋಗಿ ನೋಡಿದ್ರೆ ಪೇಂಟಿಂಗ್ ಹುಡುಗರು ಆ ತೂತಿಗೆಲ್ಲ ನೀಟಾಗಿ ಸಿಲಿಕಾನ್ ಬಳಿದಿದಾರೆ, ಮಳೆ ಅಲ್ಲಿಂದಲೇ ಬರುತ್ತೆ ಅಂದ್ಕೊಂಡು! ಬ್ಲೇಡಲ್ಲಿ ಕೆತ್ತಿದ್ದೇ ತಡ, ಪಟ್ಟಿಯೊಳಗೆ ನಿಂತಿದ್ದ ಕಂದು ನೀರು ಬುಳಬುಳ ಅಂತ ಮೆಟ್ಟಿಲ ಮೇಲೆ ಇಳೀತು, ಜೊತೆಗೆ ಒಂದಷ್ಟು ಸತ್ತ ಇರುವೆ. "ಅಯ್ಯೋ ಇಷ್ಟೊಂದಿತ್ತಾ" ಅಂದ್ರು ಮನೆ ಆಂಟಿ.

ಗಾಜಿನ ವಿಷ್ಯ. ಟಫನ್ಡ್ ಗಾಜು, ಅಂದ್ರೆ ಕಾಯಿಸಿ ಗಟ್ಟಿ ಮಾಡಿದ ಗಾಜು, ಒಡೆದ್ರೆ ಸಣ್ಣ ಸಣ್ಣ ಚೂರಾಗುತ್ತೆ, ಚೂಪು ಹೋಳಾಗಲ್ಲ, ಮಕ್ಕಳಿರೋ ಮನೆಗೆ ಒಳ್ಳೇದು, ಆದ್ರೆ ಮೂಲೆಗೆ ಚೂಪಾದ್ದು ತಾಗಿದ್ರೆ ಇಡೀ ಶೀಟ್ ಒಟ್ಟಿಗೆ ಉದುರುತ್ತೆ, ಬಾಗಿಲಲ್ಲಿ ಆಮೇಲೆ ಏನೂ ಇರಲ್ಲ. ತೋಟದ ಮಧ್ಯ ಒಂಟಿ ಮನೆ ಆದ್ರೆ ಲ್ಯಾಮಿನೇಟೆಡ್ ಹಾಕಿಸಿ, ಎರಡು ಗಾಜಿನ ನಡುವೆ ಫಿಲ್ಮ್ ಇರುತ್ತೆ, ಒಡೆದ್ರೂ ಚೂರು ಅಂಟ್ಕೊಂಡೇ ನಿಂತಿರುತ್ತೆ. ದುಡ್ಡು ಜಾಸ್ತಿ, ಹೌದು. ತೂಕನೂ ನೋಡ್ಬೇಕು, 10 ಎಂಎಂ ಗಾಜು ಚದರ ಮೀಟರ್‌ಗೆ 25 ಕೆಜಿ, ಕಿಟಕಿ ಸೆಕ್ಷನ್ನಲ್ಲಿ (ಕಿಟಕಿಗೆ ಹಾಕೋ ಸಣ್ಣ ಅಲ್ಯೂಮಿನಿಯಂ ಪಟ್ಟಿ) ಬಾಗಿಲು ಮಾಡಿಕೊಡ್ತೀನಿ ಅನ್ನೋರ ಹತ್ರ ಹೋದ್ರೆ ಒಂದೆರಡು ವರ್ಷದಲ್ಲಿ ಜೋತು ಬಿದ್ದು ನೆಲ ಕೆರೆಯುತ್ತೆ. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲೇ ಇರ್ಲಿ, ಮಾಮೂಲಿ ಕಬ್ಬಿಣದ್ದು ನಮ್ಮ ತೇವಕ್ಕೆ ತುಕ್ಕು ಹಿಡಿದು ಫ್ರೇಮ್ ಮೇಲೆಲ್ಲ ಕೆಂಪು ಗೀಟು ಇಳಿಸುತ್ತೆ.

ಮರದ ಬಾಗಿಲಿನ ಥರ ಮಳೆಗಾಲದಲ್ಲಿ ಊದ್ಕೊಂಡು ಹಿಡ್ಕೊಳ್ಳಲ್ಲ ಅನ್ನೋದೇ ಇದ್ರ ದೊಡ್ಡ ಲಾಭ. ಚಳಿ ಬೆಳಿಗ್ಗೆ ಫ್ರೇಮ್ ಒಳಗಡೆ ಬೆವರೋದುಂಟು, ಅದು ಲೀಕ್ ಅಲ್ಲ, ಒರೆಸಿದ್ರಾಯ್ತು.

ಅಳತೆ ಮಾತ್ರ ಟೈಲ್ಸ್ ಕೂತ್ಮೇಲೆ ತಗೊಳ್ಳೋಕೆ ಹೇಳಿ, ಟಫನ್ ಆದ ಗಾಜನ್ನ ಒಂದು ನೂಲೂ ಕಟ್ ಮಾಡೋಕಾಗಲ್ಲ. ಸಿಮೆಂಟ್ ನೀರು ಬಿದ್ದ ಕಲೆ ಅಲ್ಯೂಮಿನಿಯಂ ಮೇಲಿಂದ ಉಜ್ಜಿದ್ರೂ ಹೋಗಲ್ಲ, ಹಾಗಾಗಿ ಫ್ರೇಮ್ ಮೇಲಿನ ಪ್ಲಾಸ್ಟಿಕ್ ಗಾರೆ ಕೆಲಸ, ಪೇಂಟಿಂಗ್ ಮುಗಿಯೋ ತನಕ ಇರ್ಲಿ. ಮುಗಿದ ಮೇಲೆ ಕಿತ್ತುಬಿಡಿ ಮಾರಾಯ್ರೆ, ಹೊಸದಾಗೇ ಇರ್ಲಿ ಅಂತ ಗೃಹಪ್ರವೇಶ ಆಗಿ ವರ್ಷ ಆದ್ರೂ ಬಿಟ್ಟಿರೋರಿದಾರೆ, ಬಿಸಿಲಿಗೆ ಗಮ್ ಗಟ್ಟಿಯಾಗಿ ಉಗುರಲ್ಲೂ ಬರಲ್ಲ, ಆಮೇಲೆ ಅದನ್ನ ಕೀಳೋಕೆ ನಮಗೇ ಫೋನ್ ಬರುತ್ತೆ.