ಮಿಲ್ವಾಕಿಯಿಂದ ಮಸ್ಕಿಗನ್‌ವರೆಗೆ: ಹಳೆಯ ಬೌಲಿಂಗ್ ಚೆಂಡುಗಳ ಊರುಗಳಲ್ಲಿ ನಾಲ್ಕು ದಿನ

ಈ ದಾರಿ ಹಿಡಿಯುವ ಮನಸ್ಸಿದ್ದರೆ ಎಲ್ಲಕ್ಕಿಂತ ಮೊದಲು ಹಡಗಿನ ವೇಳಾಪಟ್ಟಿ ನೋಡಿಕೊಳ್ಳಿ. ಮಿಷಿಗನ್ ಸರೋವರವನ್ನು ಅಡ್ಡ ಹಾಯ್ದು ಮಿಲ್ವಾಕಿಯಿಂದ ಮಸ್ಕಿಗನ್ ಮುಟ್ಟಿಸುವ ಲೇಕ್ ಎಕ್ಸ್‌ಪ್ರೆಸ್ ಚಳಿಗಾಲದಲ್ಲಿ ಓಡುವುದಿಲ್ಲ. ಹೆಚ್ಚುಕಮ್ಮಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಾತ್ರ. ನಾನು, ನನ್ನ ಹೆಂಡತಿ ಹೋದದ್ದು ಸೆಪ್ಟೆಂಬರ್ ಎರಡನೇ ವಾರ. ಶಾಲೆಗಳು ಶುರುವಾಗಿ ಗದ್ದಲ ಇಳಿದಿತ್ತು, ಬಿಸಿಲೂ ಹಿತವಾಗಿತ್ತು. ಚಿಕಾಗೋ ಪಕ್ಕದ ನಮ್ಮ ಮನೆಯಿಂದ ಕಾರಿನಲ್ಲಿ ಹೊರಟು, ಸರೋವರದ ದಕ್ಷಿಣ ತುದಿಗೆ ಒಂದು ಪ್ರದಕ್ಷಿಣೆ ಹಾಕಿ ಮತ್ತೆ ಮನೆ ಸೇರುವ ನಾಲ್ಕು ದಿನದ ಸುತ್ತು ಇದು.

ನಮ್ಮ ಕಡೆಯವರಿಗೆ ಬೌಲಿಂಗ್ ಅಂದರೆ ಚಂದ್ರಶೇಖರ್, ಕುಂಬ್ಳೆ. ನಾನು ಹೇಳುತ್ತಿರುವುದು ಅರವತ್ತು ಅಡಿ ದೂರದಲ್ಲಿ ನಿಂತ ಹತ್ತು ಪಿನ್‌ಗಳನ್ನು ಉರುಳಿಸುವ ಆಟ. ಬೆಂಗಳೂರಿನ ಮಾಲ್‌ನಲ್ಲಿ ಮೊದಲ ಸಲ ಆಡಿದಾಗ ಕೈಗೆ ಸಿಕ್ಕ ಚೆಂಡಿನ ಮೇಲೆ ಅದರ ತೂಕದ ಅಂಕಿ ಬಿಟ್ಟರೆ ಇನ್ನೇನೂ ಇರಲಿಲ್ಲ. ಅಮೆರಿಕಕ್ಕೆ ಬಂದ ಮೇಲೆ ಒಂದು ಹಳೇ ಸಾಮಾನಿನ ಅಂಗಡಿಯ ಮೂಲೆಯಲ್ಲಿ, ಪ್ರೆಶರ್ ಕುಕ್ಕರ್‌ಗಳ ಮಧ್ಯೆ, ಒಂದು ಕಪ್ಪು ಚೆಂಡು ಕಂಡಿತು. ಬ್ರನ್ಸ್‌ವಿಕ್ ಕಂಪನಿಯ ಬ್ಲ್ಯಾಕ್ ಬ್ಯೂಟಿ, 14 ಪೌಂಡ್, ಗಟ್ಟಿ ರಬ್ಬರಿನದು. ತಿರುಗಿಸಿ ನೋಡಿದರೆ ಬೆರಳಿನ ತೂತುಗಳ ಮೇಲೆ ಕೊರೆದ ಐದಕ್ಷರದ ಹೆಸರು, ಹೆಣ್ಣುಮಗಳದ್ದು. ನಮ್ಮಲ್ಲಿ ಮದುವೆಗೆ ಕೊಟ್ಟ ಕೊಳಗ, ತಂಬಿಗೆಗಳ ಅಂಚಿಗೆ ಚುಕ್ಕಿ ಹೊಡೆದು ಹೆಸರು ಹಾಕಿಸುವುದಿಲ್ಲವೇ, ಥೇಟ್ ಹಾಗೆಯೇ. ನನ್ನ ಅಜ್ಜಿಯ ಹೆಸರಿದ್ದ ಹಿತ್ತಾಳೆ ಕೊಳಗವನ್ನು ಮನೆ ಬದಲಾಯಿಸುವಾಗ ಯಾರೋ ತೂಕಕ್ಕೆ ಹಾಕಿಬಿಟ್ಟಿದ್ದರು. ಆ ಸಂಕಟ ಇಲ್ಲಿ ಬೇರೆ ಲಿಪಿಯಲ್ಲಿ ಎದುರಿಗೆ ಬಂದ ಹಾಗಾಯಿತು. ಆರು ಡಾಲರ್ ಕೊಟ್ಟು ಮನೆಗೆ ತಂದೆ. ಒಂದೇ ಚೆಂಡಿನ ಮೇಲೆ ಎರಡು ಹೆಸರು, ಮಾಡಿದವರದ್ದು ಮತ್ತು ಆಡಿದವರದ್ದು. ಇವೆರಡೂ ಒಟ್ಟಿಗೆ ಸಿಗುವ ಊರುಗಳನ್ನು ಕಣ್ಣಾರೆ ನೋಡಬೇಕೆಂದು ಅವತ್ತೇ ಅನ್ನಿಸಿತು.

ಹೊರಡುವ ಮುಂಚೆ ಚೆಂಡಿನ ವಂಶಾವಳಿ ಸ್ವಲ್ಪ ತಿಳಿದಿದ್ದರೆ ಪ್ರವಾಸದ ರುಚಿಯೇ ಬೇರೆ. ಮೊದಲಿಗೆ ಚೆಂಡುಗಳು ಲಿಗ್ನಮ್ ವೀಟೆ ಎಂಬ, ನೀರಿನಲ್ಲಿ ಮುಳುಗುವಷ್ಟು ಗಟ್ಟಿ ಮರದವು. 1905ರಲ್ಲಿ ಎವರ್‌ಟ್ರೂ ಎಂಬ ರಬ್ಬರ್ ಚೆಂಡು ಬಂತು. 1914ರಲ್ಲಿ ಬ್ರನ್ಸ್‌ವಿಕ್‌ನವರು ಮಿನರಲೈಟ್ ತಂದರು, ‘ನಿಗೂಢ ರಬ್ಬರ್ ಮಿಶ್ರಣ’ ಎಂದು ಜಾಹೀರಾತು ಕೊಟ್ಟು. ರಬ್ಬರಿಗೆ ಗಂಧಕ ಬೆರೆಸಿ ಬೇಯಿಸಿದರೆ ಅದು ಮರದಷ್ಟು ಗಟ್ಟಿಯಾಗುತ್ತದೆ. ಅದಕ್ಕೇ ಎಬೊನೈಟ್ ಎನ್ನುವುದು. ಇಂಕ್ ಪೆನ್ನಿನ ಹುಚ್ಚಿರುವವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ರಾಜಮಂಡ್ರಿಯ ರತ್ನಂ ಪೆನ್ನುಗಳ ಮೈ ಇದೇ ಎಬೊನೈಟ್. ಹಳೆಯ ಪೆನ್ನನ್ನು ಬಟ್ಟೆಯಿಂದ ತಿಕ್ಕಿದಾಗ ಮೂಗಿಗೆ ತಾಗುವ ಆ ಬೆಂಕಿಪೊಟ್ಟಣದ ಗಂಧಕದ ವಾಸನೆ, ಬಿಸಿಲಿಗಿಟ್ಟರೆ ಕಪ್ಪು ಮಾಸಿ ಬರುವ ಹಸಿರು ಮಿಶ್ರಿತ ಕಂದು ಬಣ್ಣ, ಎರಡೂ ಈ ಚೆಂಡುಗಳಲ್ಲಿವೆ. ನನ್ನ ಬ್ಲ್ಯಾಕ್ ಬ್ಯೂಟಿಯ ಒಂದು ಮಗ್ಗುಲು ಹಾಗೆ ಕಂದಿದೆ. ಎಷ್ಟೋ ವರ್ಷ ಯಾವುದೋ ಕಿಟಕಿಯ ಪಕ್ಕ ಅಲುಗದೆ ಕೂತಿದ್ದಿರಬೇಕು.

ಎಬೊನೈಟ್ ಎಂಬ ಹೆಸರಿನ ಕಂಪನಿಯೇ ಇತ್ತು. 1905ರಲ್ಲಿ ಮ್ಯಾಸಚೂಸೆಟ್ಸ್‌ನ ಸ್ಟೌಟನ್‌ನಲ್ಲಿ ರಬ್ಬರ್ ಕಂಪನಿಯಾಗಿ ಶುರುವಾಗಿ, ಆಮೇಲೆ ಕೆಂಟಕಿಯ ಹಾಪ್‌ಕಿನ್ಸ್‌ವಿಲ್‌ಗೆ ಬಂದು ನೆಲೆಸಿತು. ಅರವತ್ತರ ದಶಕದಿಂದ ಪಾಲಿಯೆಸ್ಟರ್ ಎಂಬ ಪ್ಲಾಸ್ಟಿಕ್ಕಿನ ಚೆಂಡುಗಳ ಕಾಲ. ಕೊಲಂಬಿಯಾ 300 ಕಂಪನಿಯ ವೈಟ್ ಡಾಟ್, ಯೆಲ್ಲೋ ಡಾಟ್ ಈಗಲೂ ಹಳಬರ ಬಾಯಲ್ಲಿವೆ. 1973ರಲ್ಲಿ ಡಾನ್ ಮೆಕ್ಯೂನ್ ಎಂಬ ವೃತ್ತಿಪರ ಆಟಗಾರ ತನ್ನ ಪಾಲಿಯೆಸ್ಟರ್ ಚೆಂಡನ್ನು ಒಂದು ರಾಸಾಯನಿಕ ದ್ರಾವಣದಲ್ಲಿ ನೆನೆಸಿ ಮೆತ್ತಗೆ ಮಾಡಿಕೊಂಡು ಆರು ಪಂದ್ಯಾವಳಿ ಗೆದ್ದ. ಚೆಂಡಿನ ಗಡಸುತನಕ್ಕೆ ನಿಯಮಗಳು ಬಂದದ್ದು ಆ ನಂತರವೇ. 1981ರಲ್ಲಿ ಎಎಂಎಫ್ ಕಂಪನಿಯ ಆಂಗಲ್ ಚೆಂಡಿನಿಂದ ಯುರೆಥೇನ್ ಎಂಬ ಇನ್ನೊಂದು ಪ್ಲಾಸ್ಟಿಕ್, ತೊಂಬತ್ತರ ದಶಕದ ಆರಂಭದಲ್ಲಿ ಅದರದೇ ಮುಂದಿನ ರೂಪವಾದ ರಿಯಾಕ್ಟಿವ್ ರೆಸಿನ್. ಅಲ್ಲಿಂದಾಚೆಗಿನವು ನನ್ನ ಮನಸ್ಸಿಗೆ ಅಷ್ಟಾಗಿ ಹತ್ತಲಿಲ್ಲ.

ಚಿಕಾಗೋದಿಂದ ಮಿಲ್ವಾಕಿ ಸುಮಾರು 90 ಮೈಲಿ. ರೈಲೂ ಇದೆ, ಆದರೆ ಚೆಂಡು ಕೊಳ್ಳುವ ಆಸೆಯಿದ್ದರೆ ಕಾರಿನಲ್ಲೇ ಹೋಗಿ. ಎರಡು ಚೆಂಡು ಹೊತ್ತು ನಡೆದರೆ ಭುಜ ಇಳಿಯುತ್ತದೆ. ಈ ಊರಿನಲ್ಲಿ ಆಟಕ್ಕೆ ಆಳವಾದ ಬೇರಿದೆ. ಆಟದ ನಿಯಮಗಳನ್ನು ನೋಡಿಕೊಳ್ಳುತ್ತಿದ್ದ ಅಮೆರಿಕನ್ ಬೌಲಿಂಗ್ ಕಾಂಗ್ರೆಸ್ಸಿನ ಕಚೇರಿ ಬಹುಕಾಲ ಇಲ್ಲೇ, ಆಮೇಲೆ ಪಕ್ಕದ ಗ್ರೀನ್‌ಡೇಲ್‌ನಲ್ಲಿ ಇತ್ತು. ಊರಿನ ದಕ್ಷಿಣ ಭಾಗದ ಲಿಂಕನ್ ಅವೆನ್ಯೂನಲ್ಲಿ ಹೋಲರ್ ಹೌಸ್ ಎಂಬ ಪುಟ್ಟ ಬಾರ್ ಇದೆ. 1908ರಿಂದ ಇರುವಂಥದ್ದು. ಅದರ ನೆಲಮಾಳಿಗೆಯಲ್ಲಿ ಎರಡೇ ಲೇನ್, ಅಂದರೆ ಚೆಂಡು ಉರುಳಿಸುವ ಹಲಗೆಯ ಹಾದಿ. ಅಧಿಕೃತ ಮಾನ್ಯತೆ ಪಡೆದ ಲೇನ್‌ಗಳಲ್ಲಿ ಇಡೀ ದೇಶಕ್ಕೇ ಹಳೆಯವು ಇವು. ಪಿನ್ ನಿಲ್ಲಿಸಲು ಯಂತ್ರವಿಲ್ಲ, ಹುಡುಗರೇ ನಿಲ್ಲಿಸಬೇಕು. ಹೋಗುವ ಮುಂಚೆ ಫೋನ್ ಮಾಡಿ ಸಮಯ ಗೊತ್ತುಮಾಡಿಕೊಳ್ಳುವುದು ಕಡ್ಡಾಯ. ಸುಮ್ಮನೆ ಹೋಗಿ ಬಾಗಿಲು ತಟ್ಟಿದರೆ ಆಡಲು ಸಿಗುವುದಿಲ್ಲ, ಏಕೆಂದರೆ ಪಿನ್ ಹುಡುಗ ಬರಬೇಕಲ್ಲ. ಅವನಿಗೆ ಕೊಡಲು ಚಿಲ್ಲರೆ ನೋಟು ಇಟ್ಟುಕೊಳ್ಳಿ, ಕೈತುಂಬ ಕೊಡಿ.

ಮೆಟ್ಟಿಲಿಳಿದು ಹೋದರೆ ತಲೆಗೆ ತಾಗುವಂಥ ಸೂರು, ಕಾಲಡಿಯಲ್ಲಿ ಅಸಲಿ ಮರ. ಮರದ ಲೇನ್‌ಗಳಲ್ಲಿ ಚೆಂಡು ಬೀಳುವ ಜಾಗಕ್ಕೆ ಮತ್ತು ಪಿನ್ ನಿಲ್ಲುವ ಜಾಗಕ್ಕೆ ಗಟ್ಟಿಯಾದ ಮೇಪಲ್, ನಡುವೆ ಮೆತ್ತಗಿನ ಪೈನ್ ಹಾಕುವುದು ಹಳೆಯ ಪದ್ಧತಿ. ನನ್ನ ಚೆಂಡನ್ನು ಅಲ್ಲಿ ಉರುಳಿಸಿದಾಗ ಕೇಳಿದ ಸದ್ದನ್ನು ಯಾವ ಮಾಲ್‌ನಲ್ಲೂ ಕೇಳಿಲ್ಲ. ಮೊದಲು ದಪ್ಪಗೆ ಒಂದು ಧಡ್, ಆಮೇಲೆ ರಾಗಿ ಕಲ್ಲು ಬೀಸಿದ ಹಾಗೆ ಒಂದೇ ಸಮನೆ ಗುರುಗುರು, ಕೊನೆಗೆ ಪಿನ್‌ಗಳ ಚಟಪಟ. ಆಚೆ ತುದಿಯಲ್ಲಿ ಹುಡುಗ ಚಂಗನೆ ಹಲಗೆಯಿಂದ ಇಳಿದು, ಎರಡೆರಡು ಪಿನ್ ಒಟ್ಟಿಗೆ ಹಿಡಿದು ನಿಲ್ಲಿಸಿ, ಚೆಂಡನ್ನು ಎತ್ತಿ ವಾಪಸು ಕಳಿಸುತ್ತಾನೆ. ನನ್ನ ಹೆಂಡತಿ ಮೂರನೇ ಎಸೆತಕ್ಕೇ ಸ್ಟ್ರೈಕ್ ಹೊಡೆದಳು, ಹತ್ತೂ ಪಿನ್ ಒಂದೇ ಏಟಿಗೆ. ಹುಡುಗ ಆ ಕಡೆಯಿಂದಲೇ ಚಪ್ಪಾಳೆ ತಟ್ಟಿದ. ಊಟ ಮುಗಿಸಿಕೊಂಡೇ ಹೋಗಿ. ಶುಕ್ರವಾರವಾದರೆ ಊರು ತುಂಬ ಕರಿದ ಮೀನಿನ ಊಟ. ಸಸ್ಯಾಹಾರಿಗಳು ನಮ್ಮ ಹಾಗೆ ಪುಳಿಯೋಗರೆ ಕಟ್ಟಿಕೊಂಡು ಹೋದರೆ ನೆಮ್ಮದಿ.

ಮಾರನೇ ದಿನ ಬೆಳಗ್ಗೆ ಹಳೇ ಸಾಮಾನಿನ ಅಂಗಡಿಗಳಿಗೆ ಮೀಸಲು. ಚೆಂಡುಗಳು ಸಾಮಾನ್ಯವಾಗಿ ಹಿಂಭಾಗದಲ್ಲಿ, ನೆಲಕ್ಕೆ ಹತ್ತಿರದ ಕಪಾಟಿನಲ್ಲಿ, ಚೀಲದೊಳಗೆ ಇರುತ್ತವೆ. ಚೀಲ ತೆರೆಯಲು ಸಂಕೋಚ ಬೇಡ, ಎಷ್ಟೋ ಸಲ ಒಳ್ಳೆಯದು ಒಳಗೇ ಇರುತ್ತದೆ. ಮೊಬೈಲ್ ಟಾರ್ಚ್ ಹಾಕಿ ಹೆಬ್ಬೆರಳಿನ ತೂತಿನ ಒಳಗೋಡೆ ನೋಡಿ, ಬಿರುಕು ಶುರುವಾಗುವುದು ಅಲ್ಲಿಂದಲೇ. ಬಳಿಕ ಚೆಂಡನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಎರಡೇ ತೂತಿದ್ದರೆ ಹಳೆಯ ಶೈಲಿಯದು, ಬಿಡಬೇಡಿ. ಕಂಪನಿಯ ಗುರುತು ಸುಮ್ಮನೆ ಅಂದಕ್ಕೆ ಹಾಕಿದ್ದಲ್ಲ. ಒಳಗಿನ ತೂಕದ ಬಿಲ್ಲೆ ಎಲ್ಲಿದೆ ಎಂದು ತೂತು ಕೊರೆಯುವವನಿಗೆ ತಿಳಿಯಲಿ ಎಂದು ಹಳೆಯ ಚೆಂಡುಗಳಲ್ಲಿ ಅದರ ನೇರಕ್ಕೇ ಗುರುತು ಒತ್ತುತ್ತಿದ್ದರು. ಗುರುತು ಸವೆದಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ ಓರೆ ಬೆಳಕಿಗೆ ಹಿಡಿಯಿರಿ, ಅಕ್ಷರದ ತಗ್ಗು ಕಾಣುತ್ತದೆ. ನಮಗೆ ಅವತ್ತು ಸಿಕ್ಕಿದ್ದು ಮ್ಯಾನ್‌ಹಟನ್ ರಬ್ಬರ್ ಎಂದು ಒತ್ತಿದ ಒಂದು ಚೆಂಡು, ಮತ್ತೆ ಕೆಂಪು-ಕಪ್ಪು ಸುಳಿಯ ಒಂದು ಪಾಲಿಯೆಸ್ಟರ್ ಚೆಂಡು.

ಇಲ್ಲೊಂದು ಮಾತು ಒತ್ತಿ ಹೇಳಬೇಕು. ಹಳೆಯ ಚೆಂಡನ್ನು ನಿಮ್ಮ ಬೆರಳಿಗೆ ಹೊಂದಿಸಲು ತೂತು ಮುಚ್ಚಿಸಿ ಹೊಸದಾಗಿ ಕೊರೆಸುವ ಮುಂಚೆ, ಎಲ್ಲಿ ಕೊರೆಯಬಾರದು ಎಂದು ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಡಿ. ನಾನು ಬ್ಲ್ಯಾಕ್ ಬ್ಯೂಟಿಯನ್ನು ನಮ್ಮ ಊರಿನ ಒಂದು ಅಂಗಡಿಗೆ ಕೊಟ್ಟು, ಹೆಸರಿಗೆ ಏಟಾಗಬಾರದು ಎಂದು ಬಾಯಲ್ಲಿ ಹೇಳಿದ್ದೆ. ವಾಪಸು ಬಂದಾಗ ಐದಕ್ಷರದಲ್ಲಿ ಎರಡು ಹೋಗಿದ್ದವು, ಹೊಸ ತೂತಿನ ಅಂಚು ಮೂರನೆಯದಕ್ಕೆ ತಾಗಿ ನಿಂತಿತ್ತು. ಆಡಲು ಚೆನ್ನಾಗಿಯೇ ಆಗಿದೆ. ಆದರೆ ಅದನ್ನು ಕೈಗೆತ್ತಿಕೊಂಡಾಗಲೆಲ್ಲ ಆ ಎರಡಕ್ಷರ ನೆನಪಾಗಿ ಹೊಟ್ಟೆ ಚುರ್ ಅನ್ನುತ್ತದೆ. ಹೆಸರಿರುವ ಚೆಂಡಾದರೆ ಕೊರೆಸಲೇಬೇಡಿ, ಆಡಲು ಬೇರೆ ಕೊಳ್ಳಿ.

ಹಡಗಿನಲ್ಲಿ ಕಾರಿಗೂ ಜಾಗವಿದೆ, ಆದರೆ ಮುಂಗಡ ಕಾದಿರಿಸಬೇಕು. ದಾಟಲು ಎರಡೂವರೆ ಗಂಟೆ. ಮಸ್ಕಿಗನ್‌ನ ಗಡಿಯಾರ ಮಿಲ್ವಾಕಿಗಿಂತ ಒಂದು ಗಂಟೆ ಮುಂದೆ, ಹೋಟೆಲಿಗೆ ತಲುಪುವ ಹೊತ್ತು ಲೆಕ್ಕ ಹಾಕುವಾಗ ಇದನ್ನು ಮರೆಯಬೇಡಿ. ಅಲೆ ಇದ್ದರೆ ಹೊಟ್ಟೆ ತೊಳಸುತ್ತದೆ. ಒಣಶುಂಠಿಯೋ ನಿಂಬೆಹುಳಿ ಪೆಪ್ಪರ್‌ಮಿಂಟೋ ಜೇಬಿನಲ್ಲಿರಲಿ.

ಮಸ್ಕಿಗನ್ ಬ್ರನ್ಸ್‌ವಿಕ್‌ನ ಊರು. ಜಾನ್ ಮೋಸೆಸ್ ಬ್ರನ್ಸ್‌ವಿಕ್ 1845ರಲ್ಲಿ ಸಿನ್ಸಿನಾಟಿಯಲ್ಲಿ ಶುರುಮಾಡಿದ ಕಂಪನಿ 1906ರಲ್ಲಿ ಇಲ್ಲಿ ಕಾರ್ಖಾನೆ ತೆರೆಯಿತು. ಸರಿಯಾಗಿ ನೂರು ವರ್ಷಕ್ಕೆ, 2006ರಲ್ಲಿ, ಚೆಂಡು ಮಾಡುವ ಕೆಲಸ ಮೆಕ್ಸಿಕೋದ ರೆನೋಸಾಗೆ ಹೋಯಿತು. 2019ರಲ್ಲಿ ಎಬೊನೈಟ್ ಕಂಪನಿಯನ್ನೂ ಬ್ರನ್ಸ್‌ವಿಕ್ ಕೊಂಡಿತು, ಹಾಪ್‌ಕಿನ್ಸ್‌ವಿಲ್‌ನ ಕಾರ್ಖಾನೆ ಮುಚ್ಚಿತು. ಎಬೊನೈಟ್ ಜೊತೆಗೆ ಕೊಲಂಬಿಯಾ 300, ಹ್ಯಾಮರ್, ಟ್ರ್ಯಾಕ್ ಹೆಸರುಗಳೂ ಅದೇ ಸೂರಿನಡಿ ಸೇರಿಕೊಂಡವು. ಒಂದು ಕಾಲಕ್ಕೆ ಒಂದಕ್ಕೊಂದು ಜಿದ್ದಿಗೆ ಬಿದ್ದಿದ್ದ ಹೆಸರುಗಳು. ಮಸ್ಕಿಗನ್‌ನ ಕಾರ್ಖಾನೆ ಪ್ರವಾಸಿ ತಾಣವಲ್ಲ, ಹೋಗಿ ಗೇಟಿನ ಮುಂದೆ ನಿಲ್ಲಬೇಡಿ. ಅದರ ಬದಲು ಊರಿನ ಯಾವುದಾದರೂ ಬೌಲಿಂಗ್ ಕೇಂದ್ರಕ್ಕೆ ವಾರದ ದಿನ ಮಧ್ಯಾಹ್ನ ಹೋಗಿ. ಹಿರಿಯರ ತಂಡಗಳು ಆಡುವ ಹೊತ್ತು ಅದು. ಹಳೆಯ ಚೆಂಡನ್ನು ಮೇಜಿನ ಮೇಲಿಟ್ಟು ಕೂತರೆ ಸಾಕು, ಮಾತು ತಾನಾಗಿ ಬರುತ್ತದೆ.

ನಮಗೆ ಹಾಗೆ ಸಿಕ್ಕಿದ್ದು ಎಂಬತ್ತು ದಾಟಿದ ಒಬ್ಬ ಹಿರಿಯರು, ಚೆಂಡಿನ ವಿಭಾಗದಲ್ಲೇ ದುಡಿದವರು. ನನ್ನ ಚೆಂಡನ್ನು ಕೈಗೆತ್ತಿಕೊಂಡು ಮೊದಲು ಮಾಡಿದ್ದು ಮೂಸಿ ನೋಡುವುದು. ಒಳಗೆ ಕಾರ್ಕ್ ಪುಡಿ ಬೆರೆಸಿದ ತಿರುಳು, ಸುತ್ತ ಗಟ್ಟಿ ರಬ್ಬರಿನ ಚಿಪ್ಪು, ಅಚ್ಚಿನಲ್ಲಿ ಬೇಯಿಸಿ ಆಮೇಲೆ ಕಡೆದು ದುಂಡಗೆ ಮಾಡುವುದು ಎಂದು ಕೈಯಲ್ಲೇ ತೋರಿಸಿದರು. ಪಾಲಿಯೆಸ್ಟರ್ ಬಂದ ಮೇಲೆ ಎರಡು ಬಣ್ಣ ಒಟ್ಟಿಗೆ ಸುರಿಯುತ್ತಿದ್ದರಂತೆ. ಸುಳಿ ಹೇಗೆ ಬರುತ್ತದೆಂದು ಅಚ್ಚು ಬಿಚ್ಚುವವರೆಗೆ ಯಾರಿಗೂ ಗೊತ್ತಿರುತ್ತಿರಲಿಲ್ಲ. ಚೆನ್ನಾಗಿ ಬಂದದ್ದನ್ನು ಪಕ್ಕದವನಿಗೆ ತೋರಿಸಿಯೇ ಮುಂದಕ್ಕೆ ಕಳಿಸುತ್ತಿದ್ದರಂತೆ. ಅವರ ಅಂಗೈ ಚೆಂಡಿನ ಮೈಮೇಲೆ ಸುಮ್ಮನೆ ಓಡಾಡುತ್ತಿತ್ತು, ಹಿಟ್ಟು ಹದ ನೋಡುವ ಕೈಯ ಹಾಗೆ. ಉಬ್ಬು ತಗ್ಗು ಹುಡುಕುವ ಅಭ್ಯಾಸ ನಿವೃತ್ತಿಯಾದ ಮೇಲೂ ಹೋಗಿರಲಿಲ್ಲ. ಇಂಥವರು ಇನ್ನು ಎಷ್ಟು ಕಾಲ ಸಿಗುತ್ತಾರೆ? ಹೋಗುವುದಾದರೆ ಮುಂದಿನ ವರ್ಷ ಅನ್ನದೆ ಈ ವರ್ಷವೇ ಹೋಗಿ.

ಮಸ್ಕಿಗನ್‌ನ ದಕ್ಷಿಣಕ್ಕೆ, ದಾರಿಯಲ್ಲೇ, ಸ್ಪ್ರಿಂಗ್ ಲೇಕ್ ಸಿಗುತ್ತದೆ. ಮೋಟಿವ್ ಎಂಬ ಕಂಪನಿ ಈಗಲೂ ಮಿಷಿಗನ್‌ನಲ್ಲಿ ಚೆಂಡು ಮಾಡುತ್ತಿರುವುದು ಇಲ್ಲಿಯೇ. ಅಲ್ಲಿಂದ ಚಿಕಾಗೋ ಮೂರು ಗಂಟೆಯ ದಾರಿ. ಹೊತ್ತಿದ್ದರೆ ಚಿಕಾಗೋದ ವಾಬಾಶ್ ಅವೆನ್ಯೂನಲ್ಲಿ 623ನೇ ನಂಬರಿನ ಕಟ್ಟಡ ನೋಡಿ. ಒಂದು ಕಾಲದಲ್ಲಿ ಬ್ರನ್ಸ್‌ವಿಕ್ ಕಂಪನಿ ಇದ್ದ ಕಟ್ಟಡ, ಈಗ ಕೊಲಂಬಿಯಾ ಕಾಲೇಜಿನದು. ಚೆಂಡುಗಳನ್ನು ಗಾಜಿನ ಕಪಾಟಿನಲ್ಲಿ ವರ್ಷವಾರು ನೋಡುವ ಆಸೆಯಿದ್ದರೆ ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ ಅಂತರರಾಷ್ಟ್ರೀಯ ಬೌಲಿಂಗ್ ಮ್ಯೂಸಿಯಂ ಇದೆ. ಸೇಂಟ್ ಲೂಯಿಸ್‌ನಲ್ಲಿ ಇದ್ದದ್ದು 2010ರಲ್ಲಿ ಅಲ್ಲಿ ತೆರೆಯಿತು. ಡಲ್ಲಾಸ್ ಕಡೆ ನೆಂಟರಿದ್ದರೆ ಅದನ್ನು ಬೇರೆಯೇ ಪ್ರವಾಸ ಮಾಡಿಕೊಳ್ಳಿ.

ಚೆಂಡನ್ನು ಕಾರಿನ ಡಿಕ್ಕಿಯಲ್ಲಿ ರಾತ್ರಿ ಬಿಡಬೇಡಿ. ಚಳಿ, ಬಿಸಿ ಏರಿಳಿದರೆ ಪಾಲಿಯೆಸ್ಟರ್ ಸೀಳುತ್ತದೆ. ಊರಿಗೆ ತರುವವರಿಗೆ ಇನ್ನೊಂದು ಲೆಕ್ಕ: 16 ಪೌಂಡ್ ಅಂದರೆ 7.26 ಕಿಲೋ. ಕೈಚೀಲಕ್ಕೆ ಏಳೇ ಕಿಲೋ ಬಿಡುವ ವಿಮಾನಗಳಲ್ಲಿ ಅಲ್ಲೇ ಸಿಕ್ಕಿಬೀಳುತ್ತೀರಿ. ಹಳೆಯ ಕಾಟನ್ ಸೀರೆಯಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಯ ನಡುಮಧ್ಯೆ ಇಡಿ. ತಪಾಸಣೆಯಲ್ಲಿ ಬಿಚ್ಚಿಸಬಹುದು, ಗಂಟು ಸಡಿಲವಾಗಿಯೇ ಕಟ್ಟಿ.

ಬ್ಲ್ಯಾಕ್ ಬ್ಯೂಟಿಯನ್ನು ಹಾಗೆಯೇ ಬೆಂಗಳೂರಿಗೆ ತಂದೆ. ಅಮ್ಮ ಅದನ್ನು ತೊಡೆಯ ಮೇಲಿಟ್ಟುಕೊಂಡು, ಕನ್ನಡಕ ಮೇಲೇರಿಸಿ, ಉಳಿದ ಮೂರಕ್ಷರದ ಮೇಲೆ ಬೆರಳಾಡಿಸುತ್ತ ಕೇಳಿದಳು: "ಯಾರ ಮನೆಯದೋ ಇದು? ಅವರಿಗೆ ಗೊತ್ತೇನೋ, ನಿನ್ನ ಹತ್ತಿರ ಇದೆ ಅಂತ?"