ಅಪ್ಪ ಗರಡಿ ಬಿಟ್ಟಿದ್ದು ಯಾಕೆ

ಅಪ್ಪನ ಎಡಗಿವಿ ಮುರುಟಿಕೊಂಡಿದೆ. ಹುಟ್ಟಿನಿಂದ ಬಂದದ್ದಲ್ಲ, ಗರಡಿಯಲ್ಲಿ ಆದದ್ದು. ಜೋಡಿಗಳು ತಲೆಗೆ ತಲೆ ಕೊಟ್ಟು ನೂಕುವಾಗ ಕಿವಿ ಉಜ್ಜಿ ಉಜ್ಜಿ ಒಳಗೆ ರಕ್ತ ಕಟ್ಟುತ್ತದೆ, ಆಮೇಲೆ ಅದು ಹಾಗೆಯೇ ಗಟ್ಟಿಯಾಗಿ ನಿಂತುಬಿಡುತ್ತದೆ. ಗೊತ್ತಿಲ್ಲದವರು ಏನೋ ಅಪಘಾತವಾಗಿರಬೇಕು ಎಂದುಕೊಳ್ಳುತ್ತಾರೆ. ಮೊನ್ನೆ ಮಂಗಳವಾರ ಫಿಸಿಯೋಥೆರಪಿ ಕೇಂದ್ರದಲ್ಲಿ ಸರದಿಗಾಗಿ ಕಾಯುತ್ತಿದ್ದಾಗ ಎದುರಿನ ಬೆಂಚಿನಲ್ಲಿದ್ದ ಹಿರಿಯರೊಬ್ಬರು ಆ ಕಿವಿಯನ್ನೇ ನೋಡುತ್ತಿದ್ದರು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. "ಪೈಲ್ವಾನರೇ, ಯಾವ ಗರಡಿ?" ಎಂದರು.

ಅಪ್ಪ ಗರಡಿಯ ಹೆಸರಿಗಿಂತ ಮೊದಲು ಉಸ್ತಾದರ ಹೆಸರು ಹೇಳಿದರು. ಹೇಳುವಾಗ ಕೈ ತಾನಾಗಿ ಕಿವಿಯ ಹಾಲೆಗೆ ಹೋಯಿತು. ಮಂಡಿನೋವು ಶುರುವಾದಾಗಿನಿಂದ ಮನೆಯಲ್ಲಿ ಹೂಂ, ಉಹೂಂ ಬಿಟ್ಟು ಬೇರೆ ಮಾತಾಡದ ಮನುಷ್ಯ ಎದ್ದು ನಿಂತರು. ಆ ಹಿರಿಯರೂ ಎದ್ದರು. ಅವರು ಅಥಣಿಯ ಕಡೆಯವರಂತೆ, ಈಗ ಮಗನ ಜೊತೆ ಮೈಸೂರಿನಲ್ಲಿದ್ದಾರೆ. ಹುಡುಗನಾಗಿದ್ದಾಗ ಕೊಲ್ಲಾಪುರಕ್ಕೆ ಹೋಗಿ ತಾಲೀಮು ಮಾಡಿದವರು. ಇಬ್ಬರೂ ಕೈ ಹಿಡಿದುಕೊಂಡರು. ನೋಡುತ್ತಿದ್ದಂತೆಯೇ ಒಬ್ಬರ ಕೈ ಇನ್ನೊಬ್ಬರ ಕತ್ತಿನ ಹಿಂದಕ್ಕೆ ಹೋಯಿತು, ಹಣೆಗೆ ಹಣೆ ತಾಗಿತು, ಕಾಲುಗಳು ಅಗಲವಾದವು. ಒಬ್ಬರು ಮಂಡಿ ಸವೆದವರು, ಇನ್ನೊಬ್ಬರು ಸೊಂಟದ ಶಸ್ತ್ರಚಿಕಿತ್ಸೆ ಆದವರು! ಕೌಂಟರಿನಲ್ಲಿದ್ದ ಹುಡುಗಿ ಜಗಳವೆಂದು ತಿಳಿದು ಓಡಿ ಬಂದಳು. ಅಷ್ಟರಲ್ಲಿ ಇಬ್ಬರೂ ಬಿಟ್ಟು, ಬೆನ್ನು ತಟ್ಟಿಕೊಂಡು, ಒಂದೇ ಬೆಂಚಿನಲ್ಲಿ ಕುಳಿತಾಗಿತ್ತು.

ಆಮೇಲೆ ಅವರು ಕೇಳಿದರು: "ಯಾಕೆ ಬಿಟ್ಟಿರಿ?"

ಅಪ್ಪ ಹೇಳಿದರು: "ಹಾಲು."

ಅಷ್ಟೇ. ಹಿರಿಯರು "ಹಾಂ" ಎಂದು ತಲೆಯಾಡಿಸಿದರು. ಮುಂದೆ ಕೇಳುವುದಕ್ಕೆ ಏನೂ ಉಳಿದಿಲ್ಲ ಎಂಬಂತೆ ಇಬ್ಬರೂ ಮಾತನ್ನು ಕೊಲ್ಲಾಪುರದ ಖಾಸಬಾಗ್ ಕುಸ್ತಿ ಮೈದಾನದ ಕಡೆಗೆ ತಿರುಗಿಸಿದರು. ನಾನು ಪಕ್ಕದಲ್ಲಿ ಫೈಲು ಹಿಡಿದುಕೊಂಡು ಕುಳಿತವಳು, ಆ ಒಂದು ಮಾತನ್ನು ಇವತ್ತಿನವರೆಗೂ ಬಿಡಿಸಿ ಬಿಡಿಸಿ ನೋಡುತ್ತಿದ್ದೇನೆ.

ಅಪ್ಪ ಗರಡಿಯ ಬಗ್ಗೆ ನಮಗೆ ಏನೂ ಹೇಳಿರಲಿಲ್ಲ ಎಂದಲ್ಲ. ಕುಸ್ತಿಯಾಡುವ ಮಟ್ಟಿಯ ಕೆಮ್ಮಣ್ಣನ್ನು ಜರಡಿ ಹಿಡಿದು ಅರಿಶಿನ, ಕರ್ಪೂರ, ಮಜ್ಜಿಗೆ, ಎಣ್ಣೆ ಹಾಕಿ ಹದ ಮಾಡುತ್ತಿದ್ದದ್ದು, ಬಾಗಿಲು ಎಷ್ಟು ಗಿಡ್ಡವೆಂದರೆ ತಲೆ ಬಗ್ಗಿಸದೆ ಯಾರೂ ಒಳಗೆ ಹೋಗಲಾಗದ್ದು, ಗದೆ ತಿರುಗಿಸಿದ್ದು, ದಂಡ ಬಸ್ಕಿಗಳ ಲೆಕ್ಕ ತಪ್ಪಿದರೆ ಉಸ್ತಾದರು ಮೊದಲಿನಿಂದ ಎಣಿಸಲು ಹೇಳುತ್ತಿದ್ದದ್ದು, ಇವೆಲ್ಲ ನನಗೆ ಬಾಯಿಪಾಠ. ಬಿಟ್ಟ ಕಥೆಯನ್ನು ಮಾತ್ರ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ. ಗಿರಣಿಯ ಪಾಳಿ ಕೆಲಸ ಸಿಕ್ಕಿತು, ಪುರುಸೊತ್ತು ಇಲ್ಲದಾಯಿತು ಎಂದು ನಾವೇ ಒಂದು ಕಾರಣ ಕಟ್ಟಿಕೊಂಡಿದ್ದೆವು.

ಕುಸ್ತಿ ಎಂದರೆ ಮೈ ಎಷ್ಟು ದಂಡಿಸಬೇಕೋ ಹೊಟ್ಟೆಗೂ ಅಷ್ಟೇ ಹಾಕಬೇಕು. ಬೆಳಿಗ್ಗೆ ಸಾಮು ಮುಗಿಸಿ ಬಂದವನಿಗೆ ಬಾದಾಮಿ ರುಬ್ಬಿ ಬೆರೆಸಿದ ಹಾಲು ಬೇಕು, ತುಪ್ಪ ಬೇಕು, ಮೊಟ್ಟೆ, ವಾರಕ್ಕೆ ಕಾಲುಸೂಪು ಬೇಕು. ಇಲ್ಲದಿದ್ದರೆ ದೇಹ ತನ್ನನ್ನು ತಾನೇ ತಿನ್ನುತ್ತದೆ ಎಂದು ಆ ಹಿರಿಯರೇ ಹೇಳಿದರು. ಅರಮನೆ ಪೈಲ್ವಾನರನ್ನು ಸಾಕುತ್ತಿದ್ದ ಕಾಲದಲ್ಲಿ ಅದು ದೊರೆಯ ಖರ್ಚು. 1971ರಲ್ಲಿ, ಹಳೆಯ ಅರಸರಿಗೆ ಸರ್ಕಾರ ಕೊಡುತ್ತಿದ್ದ ರಾಜಧನ ರದ್ದಾಯಿತು. ಅಪ್ಪನಂಥವರು ಗರಡಿಯಲ್ಲಿ ಮೇಲೆ ಬರುತ್ತಿದ್ದದ್ದು ಸರಿಯಾಗಿ ಅದೇ ಹೊತ್ತಿಗೆ. ಗಿರಣಿ ಕಾರ್ಮಿಕನೊಬ್ಬನ ಸಂಬಳದಲ್ಲಿ ಇವೆಲ್ಲ ಬರಬೇಕಿತ್ತು. ಹಿರಿಯರು ಕೊಲ್ಲಾಪುರದ್ದೇ ಕಥೆ ಹೇಳಿದರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಖಾಶಾಬಾ ಜಾಧವ್ ಅವರನ್ನು ಕಳುಹಿಸಲು ಅವರ ಕಾಲೇಜಿನ ಪ್ರಾಂಶುಪಾಲರು ಮನೆಯನ್ನೇ ಅಡವಿಟ್ಟು 7,000 ರೂಪಾಯಿ ತಂದಿದ್ದರು. ಸ್ವತಂತ್ರ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕದ ಹಿಂದೆ ಒಂದು ಅಡವಿಟ್ಟ ಮನೆ ಇದೆ. ಹಿರಿಯರು ಇದನ್ನು ತಮ್ಮದೇ ಮನೆಯಲ್ಲಿ ನಡೆದದ್ದೆಂಬಂತೆ ಹೇಳಿದರು. "ನಮಗೆ ಅಡವಿಡಲು ಮನೆ ಎಲ್ಲಿತ್ತು" ಎಂದು ಅಪ್ಪ ಅಂದರು.

ಒಳಗೆ ಕರೆದ ಮೇಲೆ ವೈದ್ಯರು, ತುಂಬಾ ಚಿಕ್ಕ ವಯಸ್ಸಿನವರು, ಅಪ್ಪನ ಮಂಡಿ ಮಡಿಸುತ್ತಾ ಕೇಳಿದರು: "ಅಂಕಲ್, ಎಷ್ಟು ಪದಕ ಬಂದಿದೆ?" ಅಪ್ಪ ಸುಮ್ಮನಿದ್ದರು. ಆ ವೈದ್ಯರು ಒಳ್ಳೆಯವರೇ, ಕೆಲಸ ಚೆನ್ನಾಗಿ ಬಲ್ಲವರು. ಆದರೂ ಆ ಪ್ರಶ್ನೆಯನ್ನು ನನಗೆ ಸಹಿಸಲಾಗಲಿಲ್ಲ. ಯಾರಾದರೂ ಸಂಗೀತ ಕಲಿತೆ ಎಂದರೆ ಎಷ್ಟು ಪ್ರಶಸ್ತಿ ಎಂದು ನಾವು ಕೇಳುವುದಿಲ್ಲ, ಯಾರ ಹತ್ತಿರ ಕಲಿತಿರಿ ಎನ್ನುತ್ತೇವೆ. ಕಾದಾಟದ ವಿದ್ಯೆ ಕಲಿತವನನ್ನು ಮಾತ್ರ ಯಾರನ್ನು ಹೊಡೆದೆ, ಏನು ಗೆದ್ದೆ ಎಂದು ಕೇಳುತ್ತೇವೆ. ರಾಜ್ಯ ಸರ್ಕಾರ ಮಾಜಿ ಕುಸ್ತಿಪಟುಗಳಿಗೆ ಮಾಸಾಶನ ಕೊಡುತ್ತದೆ, ಅದು ನಿಜಕ್ಕೂ ಒಳ್ಳೆಯ ಕೆಲಸ. ಅದೂ ಸಾಧನೆಯ ಮಟ್ಟ ನೋಡಿ, ದಾಖಲೆ ನೋಡಿ. ಊರ ಜಾತ್ರೆಯಲ್ಲಿ ಜೋಡಿ ಕಟ್ಟಿಸಿಕೊಂಡು ಆಡಿದವನ ಹತ್ತಿರ ಯಾವ ದಾಖಲೆ ಇರುತ್ತದೆ? ಅಪ್ಪನ ಹತ್ತಿರ ಇರುವುದು ಆ ಕಿವಿ ಒಂದೇ.

ಮಂಡಿಗೆ ಕಾವು ಕೊಡುತ್ತಿದ್ದ ಫಿಸಿಯೋಥೆರಪಿಸ್ಟ್ ಹುಡುಗಿ ಕೇರಳದ ವಡಗರದ ಕಡೆಯವಳು. ಹೊರಗಿನ ಗಲಾಟೆ ಅವಳಿಗೂ ಕೇಳಿಸಿತ್ತು. "ಅಕ್ಕ, ನಾನು ಕಳರಿ ಕಲಿತಿದ್ದೇನೆ" ಎಂದು ಮಾತು ತೆಗೆದಳು. ಅವಳ ನಾಡಿನ ಆ ಕಾದಾಟದ ವಿದ್ಯೆಗೆ ಏಳು ವರ್ಷಕ್ಕೇ ಸೇರಿಸಿದ್ದರಂತೆ. ನೆಲಮಟ್ಟಕ್ಕಿಂತ ಕೆಳಗೆ ತೋಡಿದ ಕಳರಿಯಂಗಳ, ಮೂಲೆಯಲ್ಲಿ ಪೂತ್ತರ ಎಂಬ ಏಳು ಮೆಟ್ಟಿಲಿನ ಪೂಜಾಪೀಠ, ಅದಕ್ಕೆ ನಮಸ್ಕರಿಸಿ ಮೈ ಪಳಗಿಸುವ ಮೈತ್ತಾರಿಯಿಂದ ಆರಂಭ. ಮೈ ಬಗ್ಗದ ಹೊರತು ಕೋಲು ಕೈಗೆ ಬರುವುದಿಲ್ಲ, ಕೋಲು ಬಾರದ ಹೊರತು ಕತ್ತಿ ಗುರಾಣಿಯ ಮಾತಿಲ್ಲ. ಮಳೆಗಾಲ ಬಂದರೆ ಎಣ್ಣೆ ಹಚ್ಚಿ ಗುರುಗಳು ಕಾಲಿನಿಂದಲೇ ಮೈ ತಿಕ್ಕುವ ಉಳಿಚ್ಚಿಲ್. ಅವಳ ಕೈ ಅಪ್ಪನ ಮಂಡಿಯ ಹಿಂದಿನ ನರವನ್ನು ಹುಡುಕಿಕೊಂಡು ಹೋದ ರೀತಿ ನೋಡಿದರೆ, ಕಾಲೇಜಿಗಿಂತ ಮುಂಚೆಯೇ ಬೇರೆ ಯಾರೋ ಕಲಿಸಿದ್ದಾರೆ ಎಂದು ಯಾರಿಗಾದರೂ ತಿಳಿಯುತ್ತಿತ್ತು. ದೊಡ್ಡವಳಾದಾಗ ಮನೆಯವರು ಬಿಡಿಸಿದರು. ಅಜ್ಜಿ ಜಗಳವಾಡಿ ಮತ್ತೆ ಕಳುಹಿಸಿದಳಂತೆ. ಅದೇ ಊರಿನಲ್ಲಿ ಸೀರೆಯುಟ್ಟು ಕತ್ತಿ ಹಿಡಿಯುವ ಮೀನಾಕ್ಷಿ ಅಮ್ಮ ಇರುವಾಗ, ಅವರಿಗೆ 2017ರಲ್ಲಿ ಪದ್ಮಶ್ರೀ ಬರುವುದಕ್ಕೆ ಎಷ್ಟೋ ಮೊದಲೇ ಇಡೀ ಊರು ಅವರನ್ನು ಗುರುಕ್ಕಳ್ ಎನ್ನುತ್ತಿರುವಾಗ, ನನ್ನ ಮೊಮ್ಮಗಳಿಗೇನು ಅಡ್ಡಿ ಎಂದು ಅಜ್ಜಿಯ ವಾದ. ಪ್ರತಿ ವರ್ಷ ಆ ಎಣ್ಣೆ ಕಾಯಿಸಿ ಕೊಡುತ್ತಿದ್ದವಳೂ ಆ ಅಜ್ಜಿಯೇ.

ನನ್ನದೂ ಒಂದು ಕಥೆ ಇದೆ. ಗರಡಿಯೊಳಗೆ ಹೆಣ್ಣುಮಕ್ಕಳನ್ನು ಬಿಡುತ್ತಿರಲಿಲ್ಲ. ಅಪ್ಪ ನನ್ನನ್ನು ಶಾಲೆಯ ಮೈದಾನದಲ್ಲಿ ನಡೆಯುತ್ತಿದ್ದ ಕರಾಟೆ ತರಗತಿಗೆ ಸೇರಿಸಿದರು. ಎಂಬತ್ತರ ದಶಕದ ಕೊನೆ ಅದು, ಊರೂರಿನಲ್ಲಿ ಕರಾಟೆಯ ಹುಚ್ಚು. ಒಕಿನಾವಾ ದ್ವೀಪದ ವಿದ್ಯೆಯನ್ನು ಫುನಾಕೋಶಿ ಗಿಚಿನ್ ಎಂಬ ಶಾಲಾ ಮೇಷ್ಟ್ರು 1922ರಲ್ಲಿ ಟೋಕಿಯೊಗೆ ಒಯ್ದರು, ಅಲ್ಲಿಂದ ಅದು ನಮ್ಮ ಧೂಳಿನ ಮೈದಾನದವರೆಗೂ ಬಂತು. ಅಮ್ಮ ದಪ್ಪ ಬಟ್ಟೆ ತಂದು ಬಿಳಿ ಉಡುಪು ಹೊಲಿದುಕೊಟ್ಟರು. ಹೇಯಾನ್ ಶೋದಾನ್ ಎಂಬ ಕಟಾ, ಎಂದರೆ ಹೊಡೆತ ತಡೆಗಳ ಕ್ರಮಬದ್ಧ ಸರಣಿಯನ್ನು ನನ್ನ ಕಾಲುಗಳು ಇವತ್ತಿಗೂ ಮರೆತಿಲ್ಲ, ಗ್ಯಾಸ್ ಸಿಲಿಂಡರ್ ಎತ್ತುವಾಗ ತಾನಾಗಿ ಕಾಲು ಮುಂದಿಟ್ಟು ಮಂಡಿ ಬಗ್ಗುತ್ತದೆ. ಹಸಿರು ಬೆಲ್ಟಿನವರೆಗೆ ಬಂದೆ. ಮುಂದಿನ ಪರೀಕ್ಷೆಯ ಶುಲ್ಕವೂ ಅಣ್ಣನ ಕಾಲೇಜು ಶುಲ್ಕವೂ ಒಂದೇ ತಿಂಗಳಲ್ಲಿ ಬಂದವು. ಯಾವುದು ಕಟ್ಟಲ್ಪಟ್ಟಿತು ಎಂದು ಹೇಳಬೇಕಾಗಿಲ್ಲ. ಮಾಸ್ಟರು ಒಳ್ಳೆಯವರು, ಶುಲ್ಕವಿಲ್ಲದೆ ಬಾ ಎಂದರು. ಅಪ್ಪ ಒಪ್ಪಲಿಲ್ಲ, ಗುರುವಿನ ಹೊಟ್ಟೆಯ ಮೇಲೆ ಹೊಡೆದು ಕಲಿಯುವ ವಿದ್ಯೆ ಬೇಡ ಎಂದರು. ಆಗ ನನಗೆ ಅಪ್ಪನ ಮೇಲೆ ವಿಪರೀತ ಸಿಟ್ಟು ಬಂದಿತ್ತು. ಇಂದು ಎಂಟು ವರ್ಷದ ಮಕ್ಕಳ ಸೊಂಟಕ್ಕೆ ಹಣ ಪಡೆದು ಕಪ್ಪು ಬೆಲ್ಟ್ ಬಿಗಿಯುವವರನ್ನು ಕಂಡಾಗ ಅಪ್ಪನ ಮಾತು ನೆನಪಾಗುತ್ತದೆ. ಇದು ಆ ಮಕ್ಕಳಿಗೆ ಮಾಡುವ ಮೋಸ ಎಂದೇ ನಾನು ತಿಳಿದಿದ್ದೇನೆ.

ಅಂದು ಸಂಜೆ ಮನೆಗೆ ಬಂದು ಅಮ್ಮನನ್ನು ಕೇಳಿದೆ. ಅಪ್ಪ "ಹಾಲು" ಎಂದರು, ಏನದು ಎಂದೆ. ಅಮ್ಮ ಹುರುಳಿಕಾಯಿ ಬಿಡಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ನಿಮ್ಮಪ್ಪ ಬಿಟ್ಟಿದ್ದಲ್ಲ, ನಾನು ಬಿಡಿಸಿದ್ದು" ಎಂದರು. "ನೀನು ಹುಟ್ಟಿದಾಗ ನನಗೆ ಎದೆಹಾಲು ಸಾಲುತ್ತಿರಲಿಲ್ಲ. ಮನೆಗೆ ಬರುತ್ತಿದ್ದದ್ದು ಅಚ್ಚೇರು ಹಾಲು. ಮಗುವಿಗೆ ಕುಡಿಸಲೋ, ಮಟ್ಟಿಯ ಮಣ್ಣಿಗೆ ಸುರಿಯಲೋ ಎಂದು ಕೇಳಿದೆ. ಮಾರನೆಯ ದಿನದಿಂದ ಹೋಗಲಿಲ್ಲ."

ಫಿಸಿಯೋಥೆರಪಿ ಕೇಂದ್ರದ ಆ ಬೆಂಚಿನಲ್ಲಿ ಅಪ್ಪ ಅಮ್ಮನ ಹೆಸರು ಎತ್ತಬಹುದಿತ್ತು. ಹೆಂಡತಿ ಬಿಡಿಸಿದಳು ಎನ್ನುವುದು ಗಂಡಸರ ನಡುವೆ ಸಲೀಸಾಗಿ ಆಡುವ ಮಾತು, ಕೇಳಿದವರು ನಕ್ಕು ಒಪ್ಪುತ್ತಾರೆ. ಅಪ್ಪ ಹೇಳಲಿಲ್ಲ. ನನ್ನ ಹೆಸರನ್ನೂ ಎತ್ತಲಿಲ್ಲ, ನಾನು ಪಕ್ಕದಲ್ಲೇ ಇದ್ದೆ. ಹಾಲು ಎಂದರು, ಅಷ್ಟಕ್ಕೇ ನಿಲ್ಲಿಸಿದರು. ಐವತ್ತರ ಹತ್ತಿರ ಬಂದಿರುವ ನಾನು ಆ ಅಚ್ಚೇರು ಹಾಲನ್ನು ಕುಡಿದು ಬೆಳೆದವಳು ಎಂದು ನನಗೆ ತಿಳಿದದ್ದು ಮೊನ್ನೆ. ಅಮ್ಮನಿಗೆ ಇದರಲ್ಲಿ ಪಶ್ಚಾತ್ತಾಪ ಕಿಂಚಿತ್ತೂ ಇಲ್ಲ, ಇರಬೇಕಾಗಿಯೂ ಇಲ್ಲ. ಅಮ್ಮ ಮಾಡಿದ್ದು ಸರಿ. ಅಪ್ಪ ಕಳೆದುಕೊಂಡದ್ದೂ ದೊಡ್ಡದು. ಎರಡೂ ನಿಜ, ಒಂದರಿಂದ ಇನ್ನೊಂದು ಕಡಿಮೆಯಾಗುವುದಿಲ್ಲ.

ನಮ್ಮೂರಿನ ಕುಸ್ತಿಯ ಮಾತು ಬಂದರೆ ರಣಧೀರ ಕಂಠೀರವ ನರಸರಾಜ ಒಡೆಯರಿಂದ ಶುರುಮಾಡುತ್ತಾರೆ. ವಿಜಯದಶಮಿಯ ದಿನ ಅರಮನೆಯಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ವಜ್ರಮುಷ್ಟಿ ಕಾಳಗಕ್ಕೆ ಇಳಿಯುವುದು, ಮೊದಲ ರಕ್ತ ಚಿಮ್ಮಿದೊಡನೆ ನಿಲ್ಲಿಸುವುದು, ಇದನ್ನು ಟಿವಿಯವರು ಪ್ರತಿ ವರ್ಷ ತೋರಿಸುತ್ತಾರೆ. ಕೊಲ್ಲಾಪುರದವರು ತಮ್ಮ ದೊರೆ ಶಾಹು ಮಹಾರಾಜರಿಂದ ಶುರುಮಾಡುತ್ತಾರೆ. ಎಲ್ಲವೂ ಸರಿ. ಆದರೆ ಆ ಪೈಲ್ವಾನರ ಮನೆಗಳಲ್ಲಿ ನಸುಕಿಗೆ ಎದ್ದು ಬಾದಾಮಿ ಸಿಪ್ಪೆ ಸುಲಿದು ಒರಳಿನಲ್ಲಿ ರುಬ್ಬಿದವರು, ಕೆಮ್ಮಣ್ಣು ಮೆತ್ತಿದ ಲಂಗೋಟಿ ಒಗೆದವರು, ತಮ್ಮ ತಟ್ಟೆಯ ತುಪ್ಪವನ್ನು ಅವರ ತಟ್ಟೆಗೆ ಬಡಿಸಿದವರು ಗರಡಿಯ ಹೊಸ್ತಿಲನ್ನು ದಾಟುವಂತಿರಲಿಲ್ಲ. ಗರಡಿ ಅರ್ಧ ನಡೆಯುತ್ತಿದ್ದದ್ದೇ ಅವರ ಅಡುಗೆಮನೆಯಲ್ಲಿ. ಯಾರಾದರೂ ತಾನು ಕಲಿತ ಪಟ್ಟು, ವರಸೆಗಳ ಕಥೆ ಹೇಳಲು ಕುಳಿತರೆ, ಇನ್ನು ಮುಂದೆ ನಾನು ಮೊದಲು ಕೇಳುವ ಪ್ರಶ್ನೆ ಇದೇ: ಆಗ ನಿಮ್ಮ ಮನೆಯಲ್ಲಿ ಯಾರು ಯಾವುದನ್ನು ಬಿಟ್ಟುಕೊಟ್ಟರು? ವಡಗರದ ಹುಡುಗಿಗೆ ಆ ಉತ್ತರ ಗೊತ್ತಿತ್ತು, ಕೇಳದೆಯೇ ಅಜ್ಜಿಯ ಎಣ್ಣೆಯ ಮಾತು ಹೇಳಿದಳು. ಅದಕ್ಕೇ ಅವಳು ನನಗೆ ತುಂಬಾ ಇಷ್ಟವಾದಳು.

ಅಪ್ಪನೂ ಆ ಹಿರಿಯರೂ ಫೋನ್ ನಂಬರು ಬದಲಾಯಿಸಿಕೊಂಡಿದ್ದಾರೆ. ಬರುವ ದಸರೆಗೆ ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣದಲ್ಲಿ ಕುಸ್ತಿ ನೋಡಲು ಜೊತೆಯಾಗಿ ಹೋಗುವುದು ಎಂದು ತೀರ್ಮಾನವಾಗಿದೆ. ಮಣ್ಣಿನ ನಾಡಕುಸ್ತಿ ನೋಡುವುದೋ ಮ್ಯಾಟಿನ ಪಾಯಿಂಟ್ ಕುಸ್ತಿ ನೋಡುವುದೋ ಎಂದು ಈಗಿನಿಂದಲೇ ಫೋನಿನಲ್ಲಿ ವಾದ ನಡೆದಿದೆ. ಅಮ್ಮ ಇಷ್ಟು ವರ್ಷದಲ್ಲಿ ಒಂದು ಕುಸ್ತಿಯನ್ನೂ ಎದುರಿಗೆ ಕುಳಿತು ನೋಡಿದವರಲ್ಲ. 2016ರಲ್ಲಿ ಸಾಕ್ಷಿ ಮಲಿಕ್ ರಿಯೊದಲ್ಲಿ ಕಂಚು ಗೆದ್ದದ್ದನ್ನು ಟಿವಿಯಲ್ಲಿ ನೋಡಿ, ಈ ಹುಡುಗಿಯನ್ನು ಅವಳ ಅಮ್ಮ ಚೆನ್ನಾಗಿ ಸಾಕಿದ್ದಾಳೆ ಎಂದಿದ್ದರು, ಅಷ್ಟೇ. ನಿನ್ನೆ ರಾತ್ರಿ ಊಟಕ್ಕೆ ಕುಳಿತಾಗ, ದಸರಾ ಕಿಶೋರಿ ಎಂದು ಹೆಣ್ಣುಮಕ್ಕಳಿಗೂ ಪ್ರಶಸ್ತಿ ಇದೆ ಎಂದು ಹೇಳಿದೆ. ಅಮ್ಮ ತಟ್ಟೆಯಿಂದ ತಲೆ ಎತ್ತಿದರು.

"ಹೆಣ್ಣುಮಕ್ಕಳದ್ದು ಯಾವ ದಿನ ಎಂದು ಸರಿಯಾಗಿ ವಿಚಾರಿಸು, ಅವತ್ತು ನಾನೂ ಬರುತ್ತೇನೆ. ಆ ಅಥಣಿಯವರ ಹೆಂಡತಿಯನ್ನೂ ಕರೆಯಲು ಹೇಳು. ಅವರ ಮನೆಯಲ್ಲಿ ದಿನಕ್ಕೆ ಎಷ್ಟು ಬಾದಾಮಿ ರುಬ್ಬುತ್ತಿದ್ದರು ಎಂದು ನನಗೆ ಕೇಳಬೇಕು."